ಮೇಲಿನ ಓಣಿಯ ಬಾಗಿಲುಗಳು

ಈ ಊರಿನ ಬಾಗಿಲುಗಳ ಸಂಗತಿ ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ತಿಳಿಯಿತು ಅಂತ ಅಂದುಕೊಂಡಾಗಲೆಲ್ಲ ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಮದುವೆಯಾಗಿ, ತೀರಿಹೋಗಿದ್ದ ಮಾವನ ಹಿಟ್ಟಿನ ಗಿರಣಿ ನೋಡಿಕೊಳ್ಳಲು ಇಲ್ಲಿಗೆ ಬಂದ ಮೊದಲ ವಾರವೇ ಬಚ್ಚಲಿನಲ್ಲಿ ಸಿಕ್ಕಿಕೊಂಡೆ. ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದೆ. ಹೊರಗೆ ಓಣಿಯಲ್ಲಿ ಯಾರೋ ‘ಹಿಡೀತೀನ್ರೋ, ಹಿಡೀತೀನಿ’ ಎಂದು ಕೂಗಿದ್ದು ಕೇಳಿಸಿತು. ಹಾವನ್ನೋ ಕೋಳಿಯನ್ನೋ ಹಿಡಿಯುತ್ತಿರಬೇಕು ಅಂದುಕೊಂಡು ಆರಾಮವಾಗಿ ನೀರು ಸುರಿದುಕೊಂಡೆ. ಮೈ ಒರೆಸಿಕೊಂಡು ನೋಡಿದರೆ ಬಾಗಿಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗುದ್ದಿದೆ, ಒದ್ದೆ, ಹೊಸ ಅಳಿಯನ ಮರ್ಯಾದೆ ಬಿಟ್ಟು ಕೂಗಿದೆ. ಅತ್ತೆ ಫಕೀರವ್ವ ಬೆಳಕಿಂಡಿಯ ಆಚೆ ಬಂದು ನಿಂತು, ‘ಅಳಿಯಾರ, ಒದರಬ್ಯಾಡ್ರಿ. ಬಾಜೂ ಮನಿಯವ್ರು ಸುಣ್ಣ ಹಚ್ಚಾಕ ಹಿಡಿದಾರ. ಅವ್ರು ಮುಗಸೂತನಕ ನೀವು ಅಲ್ಲೇ ಕುಂಡ್ರಬೇಕು’ ಅಂದರು. ಆಮೇಲೆ ಬೆಳಕಿಂಡಿಯಲ್ಲಿ ಒಂದು ಲೋಟ ಚಹಾ ಇಳಿಸಿ, ತಾವು ಆಚೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಧ್ಯಾಹ್ನದವರೆಗೆ ಓಣಿಯ ಒಂದೊಂದು ಮನೆಯ ಕಥೆಯನ್ನೂ ಹೇಳಿದರು. ಅತ್ತೆ ಅಳಿಯ ಎದುರಾಬದುರು ಕೂತಿದ್ದರೆ ಅಷ್ಟು ಮಾತಾಡುತ್ತಿರಲಿಲ್ಲ.

ಸಂಗತಿ ಇಷ್ಟೇ, ಅಥವಾ ಇಷ್ಟೇ ಅಂತ ಇವರು ಹೇಳುತ್ತಾರೆ. ಈ ಊರಿನಲ್ಲಿ ಯಾರಾದರೂ ತಮ್ಮ ಮನೆಗೆ ಏನಾದರೂ ಕೆಲಸ ಮಾಡಬೇಕಾದರೆ ಮೊದಲು ‘ಹಿಡಿದೆ’ ಅನ್ನಬೇಕು. ಅನ್ನದಿದ್ದರೆ ಮಣ್ಣು ಗೋಡೆಗೆ ಕಚ್ಚುವುದಿಲ್ಲ, ಮೊಳೆ ಒಳಗೆ ಇಳಿಯುವುದಿಲ್ಲ. ಅಂದ ಕೂಡಲೇ ಆ ಓಣಿಯ ಎಲ್ಲ ಮನೆಗಳ ಎಲ್ಲ ಬಾಗಿಲುಗಳೂ ಇದ್ದಲ್ಲಿಯೇ ನಿಲ್ಲುತ್ತವೆ. ತೆರೆದದ್ದು ತೆರೆದಂತೆ, ಮುಚ್ಚಿದ್ದು ಮುಚ್ಚಿದಂತೆ. ಕೆಲಸ ಮುಗಿಸಿ ಅವರೇ ‘ಆತು’ ಅಂದ ಮೇಲೆ ಮತ್ತೆ ಅಲುಗುತ್ತವೆ. ಮಾಡಿದ್ದು ಮನಸ್ಸಿಗೆ ಬರದಿದ್ದರೆ ‘ಬ್ಯಾಡ’ ಅನ್ನಬಹುದು; ಆಗ ಮಾಡಿದ ಕೆಲಸವೆಲ್ಲ ಇಲ್ಲವಾಗಿ ಮನೆ ಮೊದಲು ಹೇಗಿತ್ತೋ ಹಾಗಾಗುತ್ತದೆ, ಬಾಗಿಲುಗಳೂ ಬಿಡುತ್ತವೆ. ಹಿಡಿದವರು ನಡುವೆಯೇ ಸತ್ತರೂ ಹೀಗೇ ಆಗುತ್ತದೆ. ಒಬ್ಬರು ಹಿಡಿದಿರುವಾಗ ಅದೇ ಓಣಿಯಲ್ಲಿ ಇನ್ನೊಬ್ಬರು ಹಿಡಿಯಲು ಬರುವುದಿಲ್ಲ, ಸರದಿ ಕಾಯಬೇಕು. ಮಹಡಿ ಕಟ್ಟುವವನಿಗೂ ಕ್ಯಾಲೆಂಡರಿಗೆ ಮೊಳೆ ಹೊಡೆಯುವವನಿಗೂ ಒಂದೇ ಕಾನೂನು. ಒಂದು ಮೊಳೆಗಾಗಿ ಇಡೀ ಓಣಿ ಯಾಕೆ ನಿಲ್ಲಬೇಕು, ಆ ಮನೆಯ ಬಾಗಿಲು ಮಾತ್ರ ನಿಂತರೆ ಸಾಲದೇ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ‘ಅದು ಹಂಗ ಐತ್ರಿ’ ಅನ್ನುತ್ತಾರೆ.

ಇವರಿಗೆ ಇದೊಂದು ತೊಂದರೆ ಅಂತಲೇ ಅನ್ನಿಸುವುದಿಲ್ಲ. ಹಿಡಿಯುವವರು ಓಣಿಯ ಈ ತುದಿಯಿಂದ ಆ ತುದಿಗೆ ಕೂಗುತ್ತ ಹೋಗಿ, ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾಯಬೇಕು. ಅಷ್ಟರಲ್ಲಿ ಜನ ಓಡಾಡಿ ಬಾಗಿಲುಗಳನ್ನೆಲ್ಲ ತೆರೆದಿಟ್ಟುಕೊಳ್ಳುತ್ತಾರೆ. ತೆರೆದ ಬಾಗಿಲಿಗೆ ಸೀರೆ ಇಳಿಬಿಡುತ್ತಾರೆ, ನಾಯಿ ಬಾರದಂತೆ ಹಲಗೆ ಅಡ್ಡ ಇಡುತ್ತಾರೆ. ಮಾತಿನಲ್ಲಿಯೂ ಎಚ್ಚರ. ‘ಊಟ ಆತೇನ್ರಿ’ ಅಂತ ಇಲ್ಲಿ ಯಾರೂ ಕೇಳುವುದಿಲ್ಲ, ‘ಉಂಡ್ರೇನ್ರಿ’ ಅನ್ನುತ್ತಾರೆ. ಮನಸ್ಸಿನಲ್ಲಿ ಕೆಲಸ ಮುಗಿಯದೆ ಬಾಯಲ್ಲಿ ಮಾತ್ರ ಆ ಮಾತು ಅಂದರೆ ಬಾಗಿಲುಗಳು ಕೇಳುವುದಿಲ್ಲ. ಆದರೂ ಅದನ್ನು ಸುಮ್ಮಸುಮ್ಮನೆ ಆಡಬಾರದು ಅಂತ ಇವರ ಭಾವನೆ. ನಾನು ಪರ ಊರಿನವನು, ದಿನಕ್ಕೆ ಹತ್ತು ಸಲ ಅದೇ ನಾಲಿಗೆಗೆ ಬರುತ್ತದೆ. ಗಿರಣಿಗೆ ಬಂದ ಹೆಂಗಸರು ಹಿಟ್ಟಿನ ಡಬ್ಬಿ ಎತ್ತಿಕೊಳ್ಳುತ್ತ, ‘ಗಿರಣಿ ಅಡಿವೆಪ್ಪಗ ನಾಲಿಗಿ ಮ್ಯಾಲೆ ಹಿಡಿತ ಇಲ್ಲ’ ಅಂತ ನಗುತ್ತಾರೆ.

ಈಗ ಹೇಳುವುದು ನನ್ನ ಹೆಂಡತಿ ನೀಲವ್ವನ ಖೋಲಿಯ ಕಥೆ. ಅತ್ತೆಯ ಹಳೆಯ ಮನೆಯ ಮಾಡು ಕುಸಿದು ಅದನ್ನು ಇಳಿಸಿದಾಗ, ಅಕ್ಕತಂಗಿಯರು ಮರಮುಟ್ಟು ಹಂಚಿಕೊಂಡರು. ತಲೆಬಾಗಿಲಿನ ಹತ್ತಿರ ಬಂದಾಗ ಜಗಳವಾಯಿತು. ಕೊನೆಗೆ ಅಕ್ಕ ಕಾಶವ್ವ ಚೌಕಟ್ಟು ಒಯ್ದಳು, ನೀಲವ್ವ ಎರಡು ಕದ ತಂದಳು. ಚೌಕಟ್ಟಿಲ್ಲದ ಕದ ಏನು ಮಾಡುತ್ತೀರಿ, ಕದವಿಲ್ಲದ ಚೌಕಟ್ಟು ಏನು ಮಾಡುತ್ತೀರಿ ಅಂತ ನಾನು ಕೇಳಿದ್ದೆ. ಅದೊಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಿ ನನ್ನ ಮೇಲೆ ಹರಿಹಾಯ್ದರು. ಅಲ್ಲಿಂದ ಮುಂದೆ ಅವರಿಬ್ಬರಿಗೂ ಮಾತಿಲ್ಲ. ಅತ್ತೆ ಮೇಲಿನ ಓಣಿಯಲ್ಲಿ ಕಾಶಕ್ಕನ ಮನೆಯ ಹಿಂದಿನ ಖೋಲಿಯಲ್ಲಿ ಇರತೊಡಗಿದರು. ಹಿರಿಯವಳು ಮೊದಲು ಕೈ ಹಿಡಿದು ಕರೆದಳು, ಹೋದರು, ಅಷ್ಟೇ. ನಾವಿರುವುದು ಕೆಳಗಿನ ಓಣಿ. ನಡುವೆ ಒಂದು ಸಂದಿ ಇದೆ, ಕೂಗಿದರೆ ಕೇಳಿಸುವಷ್ಟು ದೂರ. ಆದರೂ ನೀಲವ್ವ ಅಕ್ಕನ ಹೊಸ್ತಿಲು ತುಳಿಯಲಿಲ್ಲ. ರಾತ್ರಿ ರೊಟ್ಟಿ ಬಡಿಯುತ್ತ ಒಮ್ಮೊಮ್ಮೆ, ‘ಅವ್ವ ನಂದೂ ಹೌದಲ್ಲ’ ಅನ್ನುತ್ತಿದ್ದಳು. ಆ ಮಾತು ಕೇಳಿದಾಗ ನನಗೆ ಸಂಕಟವಾಗುತ್ತಿತ್ತು.

ಹಬ್ಬದ ದಿನ ಅತ್ತೆ ಊಟಕ್ಕೆ ಬಂದಾಗ ನೀಲವ್ವ ನೇರವಾಗಿ ಕೇಳಿಬಿಟ್ಟಳು. ‘ಅವ್ವಾ, ನನ್ನ ಕೂಡ ಬಂದಿರವಾ.’ ಅತ್ತೆ ಅನ್ನ ಕಲಸುತ್ತ, ‘ನಮ್ಮ ಮನಿ ಬಾಗಿಲ ಎಲ್ಲಿ ನಿಂದರ್ತೈತಿ ಅಲ್ಲಿ ಇರ್ತೀನಿ. ಅದನ್ನ ದಾಟಿ ಬಂದಾಕಿ ನಾನು, ಅದನ್ನ ದಾಟೇ ಹೋಗ್ತೀನಿ’ ಅಂದರು. ಅದೇ ಮಾತನ್ನು ಅವರು ಕಾಶಕ್ಕನಿಗೂ ಹೇಳಿದ್ದರಂತೆ. ಎರಡೂ ಮನೆಯವರು ಅದನ್ನು ತಮಗೆ ಬೇಕಾದಂತೆ ಕೇಳಿಸಿಕೊಂಡರು. ಖೋಲಿ ಮೊದಲು ಕಟ್ಟಿಬಿಟ್ಟರೆ ಉಳಿದ ಅರ್ಧ ಬಾಗಿಲನ್ನು ಯಾರು ಇಲ್ಲ ಅಂದಾರು ಅಂತ ನೀಲವ್ವನ ಲೆಕ್ಕಾಚಾರ. ಕಾಶಕ್ಕನದೂ ಅದೇ ಇದ್ದಿರಬೇಕು.

ನೀಲವ್ವ ನಮ್ಮ ಓಣಿಯಲ್ಲಿ ಕೂಗಿ ಹಿಡಿದಳು. ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ ಇಟ್ಟಿದ್ದೆವು. ಗೌಂಡಿ ಬಂದ, ನಾನೂ ಗಿರಣಿ ನಿಲ್ಲಿಸಿ ಮಣ್ಣು ತುಳಿದೆ. ಗೋಡೆ ಸರಸರ ಎದ್ದಿತು. ನೀಲವ್ವ ಒಳಗೆ ಸುಣ್ಣ ಬಳಿದು, ಅವ್ವನ ಕೈಗೆ ಎಟುಕುವಂತೆ ಗೋಡೆಯಲ್ಲಿ ಗೂಡು ಮಾಡಿಸಿ, ಮಂಚ ಎಲ್ಲಿ ಬರಬೇಕು ಅಂತ ದಿನಾ ನೆಲದ ಮೇಲೆ ತಾನೇ ಮಲಗಿ ನೋಡುತ್ತಿದ್ದಳು. ಬಾಗಿಲಿನ ಜಾಗ ಮಾತ್ರ ಬಾಯಿ ತೆರೆದುಕೊಂಡು ಉಳಿಯಿತು. ಅಷ್ಟರಲ್ಲಿ ಮೇಲಿನ ಓಣಿಯಲ್ಲಿ ಕಾಶಕ್ಕನೂ ಕೂಗಿದಳು. ಅಲ್ಲಿಯ ಬಾಗಿಲುಗಳೂ ನಿಂತವು; ತೆರೆದಿಟ್ಟುಕೊಳ್ಳುವಷ್ಟೂ ಹೊತ್ತು ಕೊಡಲಿಲ್ಲ ಅಂತ ಓಣಿಯವರು ಅವಳನ್ನು ಬೈದರು.

ನಿಂತಾಗ ಅತ್ತೆಯ ಖೋಲಿಯ ಬಾಗಿಲು ಮುಚ್ಚಿತ್ತು. ಅವರು ಒಳಗಿದ್ದರು. ಅದೇ ಮನೆಯ ಸಾಮಾನಿನ ಖೋಲಿಯ ಬಾಗಿಲೂ ಮುಚ್ಚಿತ್ತು, ಚೌಕಟ್ಟು ಅದರೊಳಗೆ. ಇತ್ತ ನಮ್ಮ ಕದಗಳು ನಮ್ಮ ಓಣಿಯಲ್ಲೇ ಇರುವ ಗಿರಣಿಯ ಹಿಂದಿನ ಕೋಣೆಯಲ್ಲಿ, ಅದರ ಬಾಗಿಲನ್ನು ಇಲಿ ಬಾರದಿರಲಿ ಅಂತ ನಾನೇ ಹಾಕಿದ್ದೆ. ಈಗ ಯಾರು ಯಾರಿಗೆ ಏನನ್ನು ಕೊಡಬೇಕೆಂದರೂ ಕೊಡುವಂತಿರಲಿಲ್ಲ. ನೀಲವ್ವನ ಕೆಲಸ ಮುಗಿಯಬೇಕಾದರೆ ಚೌಕಟ್ಟು ಬೇಕು, ಚೌಕಟ್ಟು ಹೊರಗೆ ಬರಬೇಕಾದರೆ ಕಾಶಕ್ಕನ ಕೆಲಸ ಮುಗಿಯಬೇಕು. ಕಾಶಕ್ಕನ ಕೆಲಸ ಮುಗಿಯಬೇಕಾದರೆ ಕದ ಬೇಕು, ಕದ ಹೊರಗೆ ಬರಬೇಕಾದರೆ ನೀಲವ್ವನದು ಮುಗಿಯಬೇಕು. ನಾನು ಇದನ್ನು ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿದೆ. ಎಲ್ಲಿಂದ ಶುರು ಮಾಡಿದರೂ ಸುತ್ತಿಕೊಂಡು ಅಲ್ಲಿಗೇ ಬರುತ್ತಿದ್ದೆ. ಇದಕ್ಕೆ ಈ ಊರಿನಲ್ಲಿ ಕತ್ತರಿ ಬೀಳುವುದು ಅನ್ನುತ್ತಾರೆ. ‘ಸದ್ಯಕ್ಕೆ ಗೋಡಿಗಷ್ಟ ಮುಗೀತು ಅನ್ನು, ಬಾಗಿಲ ಆಮ್ಯಾಗ ಇನ್ನೊಮ್ಮೆ ಹಿಡೀಯಂತ’ ಅಂದೆ ನೀಲವ್ವನಿಗೆ. ಅವಳು ಗೋಡೆಯ ಮೇಲೆ ಕೈಯಿಟ್ಟು ‘ಆತು’ ಅಂದಳು. ಒಂದು ಬಾಗಿಲೂ ಕೇಳಲಿಲ್ಲ. ‘ಬಾಗಿಲಿಲ್ಲದ್ದಕ್ಕ ಖೋಲಿ ಅಂತಾರೇನು. ನನ್ನ ಮನಸಿಗೇ ಮುಗಿದಿಲ್ಲ, ಅವಕ್ಕೆಂಗ ಮುಗೀತೈತಿ’ ಅಂತ ಸೆರಗಿನಿಂದ ಮುಖ ಒರೆಸಿಕೊಂಡಳು.

ಅವ್ವ ಒಳಗೆ ಸಿಕ್ಕಿದ್ದಾಳೆ ಅಂತ ತಿಳಿದ ಮೇಲೆ ನೀಲವ್ವ ಹಟ ಬಿಟ್ಟು ಸಂದಿಗೆ ಓಡಿದಳು. ಅತ್ತೆಯ ಖೋಲಿಯ ಕಿಟಕಿ ಸಂದಿಯ ಕಡೆಗೆ ಇದೆ. ಕಿಟಕಿಗಳಿಗೆ ಈ ಕಾಟ ಇಲ್ಲ. ಯಾಕೆ ಇಲ್ಲ ಅಂತ ಕೇಳಿದರೆ ಕಿಟಕಿ ಬಾಗಿಲಲ್ಲವಲ್ಲ ಅನ್ನುತ್ತಾರೆ. ಅಲ್ಲಿ ಆಗಲೇ ಕಾಶಕ್ಕ ಸರಳುಗಳ ಸಂದಿನಲ್ಲಿ ತಾಟು ತೂರಿಸಲಾಗದೆ ರೊಟ್ಟಿ ಮಡಚಿ ಕೊಡುತ್ತಿದ್ದಳು. ಮೊದಲ ದಿನ ಇಬ್ಬರೂ ಬೆನ್ನು ತಿರುಗಿಸಿಕೊಂಡು ಕೂತರು. ‘ಅವ್ವಾ, ಆಕೀಗೆ ಹೇಳು, ರೊಟ್ಟಿ ಹಂಗ ಒಣಾ ಕೊಟ್ರ ನಿನ್ನ ಗಂಟಲದಾಗ ಇಳಿಯಂಗಿಲ್ಲ ಅಂತ’ ಅಂದಳು ನೀಲವ್ವ. ‘ಅವ್ವಾ, ಆಕೀಗೆ ಹೇಳು, ಇಷ್ಟ ದಿನಾ ಇಳಿಸಿದಾಕಿ ನಾನ ಅಂತ’ ಅಂದಳು ಕಾಶಕ್ಕ. ಅತ್ತೆ ಒಳಗಿನಿಂದ ಒಬ್ಬಳದನ್ನು ಇನ್ನೊಬ್ಬಳಿಗೆ ಚಾಚೂ ತಪ್ಪದೆ ಮುಟ್ಟಿಸಿದರು, ಇಬ್ಬರಿಗೂ ಕೇಳಿಸಿದ್ದರೂ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಅವ್ವನನ್ನು ನಡುವೆ ಹಾಕಿಕೊಳ್ಳುವುದು ಮರೆತುಹೋಯಿತು. ಒಬ್ಬಳು ಹಾಲಿನಲ್ಲಿ ರೊಟ್ಟಿ ಮುರಿದರೆ ಇನ್ನೊಬ್ಬಳು ಚಮಚದಲ್ಲಿ ಕೊಡುವಳು. ಸಂಜೆ ಚಹಾ ಒಯ್ದು ಕೊಡುವುದು ನನ್ನ ಪಾಲಿಗೆ ಬಂತು. ಬಚ್ಚಲಿನ ಋಣ ತೀರಿಸುತ್ತಿದ್ದೀನಿ ಅಂದುಕೊಂಡೆ. ಅತ್ತೆ ಮಾತ್ರ ಒಳಗೆ ಗಾಬರಿ ಬಿದ್ದಂತೆ ಕಾಣಲಿಲ್ಲ.

ಗಾಬರಿಯಾಗುವಂಥದ್ದು ಆಮೇಲೆ ಶುರುವಾಯಿತು. ಅವರಿಗೆ ಕೆಮ್ಮು ಹತ್ತಿತು. ಡಾಕ್ಟರು ಬಂದು ಸರಳುಗಳ ಆಚೆಯಿಂದ ನಾಲಿಗೆ ನೋಡಿ, ಎದೆಗೆ ನಳಿಗೆ ಇಟ್ಟು ನೋಡದೆ ಏನೂ ಹೇಳಲಾರೆ ಅಂದರು. ಗೋಡೆ ಒಡೆದು ತೆಗೆಯೋಣ ಅಂತ ನಾನು ಹಾರೆ ತಂದೆ. ಹಾಕಿದ ಏಟೆಲ್ಲ ಜಾರಿತು, ಒಂದು ಚೂರು ಮಣ್ಣೂ ಉದುರಲಿಲ್ಲ. ‘ಹಿಡಿದಾಕಿ ನೀವು, ನೀವು ಹಾಕ್ರಿ ಕಾಶಕ್ಕ’ ಅಂದೆ. ಅವಳು ಹಾಕಿದಳು, ಅವಳದೂ ಜಾರಿತು. ಅದರ ಮೇಲೆ ಅವಳು ಕಟ್ಟಿಸುತ್ತಿದ್ದ ಹೊಸ ಖೋಲಿಯ ಗೋಡೆಯೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎಬ್ಬಿಸಿದ್ದು ಸಂಜೆಗೆ ಕುಸಿದು ಕೂರುತ್ತಿತ್ತು. ಗೌಂಡಿ ಮಣ್ಣು ಸರಿಯಿಲ್ಲ ಅಂದ, ಕಾಶಕ್ಕ ಗೌಂಡಿ ಸರಿಯಿಲ್ಲ ಅಂದಳು, ಓಣಿಯವರು ಕಾಶಕ್ಕನ ನಸೀಬು ಸರಿಯಿಲ್ಲ ಅಂದರು. ಹಿಡಿದವಳ ಕೈಗೆ ಅವಳ ಮನೆಯ ಗೋಡೆಯೇ ಯಾಕೆ ಬಗ್ಗುತ್ತಿಲ್ಲ ಅಂತ ನಾನು ಕೇಳಿದೆ. ‘ನಿಮಗ ತಿಳಿಯಂಗಿಲ್ಲ ಬಿಡ್ರಿ, ಅಡಿವೆಪ್ಪ’ ಅಂದರು. ನನಗೂ ಹೌದೇನೋ ಅನ್ನಿಸಿ ಬಿಟ್ಟೆ.

ಓಣಿಗಳ ತಾಳ್ಮೆ ಮುಗಿದಿತ್ತು. ಮೇಲಿನ ಓಣಿಯಲ್ಲಿ ಒಬ್ಬಳ ಮದುವೆಯ ಸೀರೆ ಒಳಗೆ ಸಿಕ್ಕಿತ್ತು, ಒಬ್ಬ ತನ್ನದೇ ಅಂಗಡಿಗೆ ಮಾಳಿಗೆಯ ಗವಾಕ್ಷಿಯಿಂದ ಇಳಿಯುತ್ತಿದ್ದ. ಓಣಿಯ ಹಿರಿಯ ದುಂಡಪ್ಪಜ್ಜನ ಬಾಗಿಲು ಅರ್ಧ ತೆರೆದು ನಿಂತಿದ್ದರಿಂದ, ಆ ಹೊಟ್ಟೆ ಇಟ್ಟುಕೊಂಡು ಅವರು ಅಡ್ಡಡ್ಡ ನುಸುಳಿ ಹೊರಗೆ ಬರಬೇಕಾಗಿತ್ತು. ಇಂಥ ತಕರಾರುಗಳನ್ನು ಬಗೆಹರಿಸುವವರು ಅವರೇ. ಎರಡೂ ಕಡೆ ಬಂದು ನೋಡಿದರು. ನಮ್ಮ ಖೋಲಿ ಸುಣ್ಣ ಬಳಿದುಕೊಂಡು ಗಟ್ಟಿಯಾಗಿ ನಿಂತಿತ್ತು. ಕಾಶಕ್ಕನದು ಮಣ್ಣಿನ ಗುಪ್ಪೆ. ‘ಕತ್ತರಿ ಬಿದ್ದೈತಿ. ಕತ್ತರಿ ಬಿದ್ದಾಗ ಯಾರದು ಕಡಿಮಿ ಆಗೇತಿ ಅವ್ರು ಬ್ಯಾಡ ಅನ್ನಬೇಕು. ಅವ್ರಿಗೆ ಹೋಗೂದು ಸ್ವಲ್ಪ. ಕಾಶವ್ವಾ, ನೀನ ಅನ್ನಬೇಕವಾ’ ಅಂದರು.

ಕಾಶಕ್ಕ ಆ ಗುಪ್ಪೆಯ ಎದುರು ಹೋಗಿ ನಿಂತಳು. ಒಳಗೆ ಅತ್ತೆ ಕೆಮ್ಮಿದರು. ‘ಬ್ಯಾಡ’ ಅಂದಳು. ನಾವೆಲ್ಲ ಬಾಗಿಲುಗಳ ಕಡೆ ನೋಡಿದೆವು. ಎಲ್ಲಿಯೂ ಏನೂ ಅಲುಗಲಿಲ್ಲ. ಮಣ್ಣಿನ ಗುಪ್ಪೆ ಗುಪ್ಪೆಯಾಗಿಯೇ ಇತ್ತು. ಮತ್ತೆ ಅಂದಳು, ಕೂಗಿ ಅಂದಳು. ಏನೂ ಇಲ್ಲ. ‘ಬಾಯಿಲೆ ಅಂದ್ರ ಹತ್ತಂಗಿಲ್ಲವಾ, ಮನಸಿಲೆ ಅನ್ನು’ ಅಂದರು ದುಂಡಪ್ಪಜ್ಜ. ‘ನಮ್ಮವ್ವ ಒಳಗ ಕೆಮ್ಮಾಕತ್ತಾಳ, ಮನಸಿಲೆ ಅಲ್ದ ಇನ್ಯಾತರಲೆ ಅನ್ಲಿ’ ಅಂತ ಕಾಶಕ್ಕ ಅತ್ತಳು. ಯಾರೂ ನಂಬಲಿಲ್ಲ. ತಂಗಿಗೆ ಅವ್ವನನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಅದಕ್ಕೇ ಬಾಗಿಲು ಕೇಳುತ್ತಿಲ್ಲ ಅಂತ ಹೆಂಗಸರು ಗುಸುಗುಸು ಅಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ನೀಲವ್ವ ಮನೆಗೆ ನಡೆದಳು.

ನಾನು ಹಿಂದಿನಿಂದ ಹೋದೆ. ಅವಳು ಖೋಲಿಯೊಳಗೆ ನಿಂತು ಗೂಡಿನ ಮೇಲೆ ಕೈಯಾಡಿಸುತ್ತಿದ್ದಳು. ‘ಒಳಗ ಇನ್ನೂ ಸುಣ್ಣದ ವಾಸನಿ ಐತಿ’ ಅಂದಳು. ‘ನೀಲಾ, ನಮ್ಮದು ಜಾಸ್ತಿ ಆಗೇತಿ, ನಾವ್ಯಾಕ ಅನ್ನಬೇಕು’ ಅಂದೆ. ‘ಆಕಿ ಅನ್ನಂಗಿಲ್ಲ. ಆಕಿ ಅನ್ನೂತನಕ ಅವ್ವ ಇರ್ತಾಳೋ ಇಲ್ಲೋ’ ಅಂದಳು. ಹೊರಗೆ ಬಂದು, ಬಾಗಿಲಿಲ್ಲದ ಆ ಜಾಗದ ಎದುರು ನಿಂತು, ‘ಬ್ಯಾಡ’ ಅಂದಳು. ನಾನು ರೆಪ್ಪೆ ಬಡಿದು ನೋಡುವಷ್ಟರಲ್ಲಿ ಗೋಡೆ ಇರಲಿಲ್ಲ. ಇಟ್ಟಿಗೆಗಳು ಹಿತ್ತಲಲ್ಲಿ ಮೊದಲಿನಂತೆ ಪೇರಿಸಿಕೊಂಡಿದ್ದವು, ಸುಣ್ಣದ ಗಡಿಗೆ ತುಂಬಿತ್ತು, ನಾನು ತುಳಿದ ಮಣ್ಣು ಒಣಗಿ ಗುಡ್ಡೆಯಾಗಿತ್ತು. ಓಣಿಯ ತುಂಬ ಬಾಗಿಲುಗಳ ಸದ್ದು ಕೇಳಿಸಿತು. ಜನ ಖುಷಿಗೆ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದರು. ನನ್ನ ಕಾಲಿನ ಬಿರುಕುಗಳಲ್ಲಿ ಮಾತ್ರ ಆ ಕೆಸರು ಇನ್ನೂ ಇತ್ತು. ನನಗೆ ಅಳು ಬಂತು.

ಕತ್ತರಿಯ ಒಂದು ಕಾಲು ಹೋದ ಮೇಲೆ ಇನ್ನೊಂದು ತಾನೇ ಬಿಡಬೇಕು. ಹಾಗಂತ ಎಲ್ಲರೂ ಮೇಲಿನ ಓಣಿಗೆ ಓಡಿದೆವು. ಅಲ್ಲಿ ದುಂಡಪ್ಪಜ್ಜ ತಮ್ಮ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದರು. ಅದು ಅಲುಗುತ್ತಿರಲಿಲ್ಲ. ಸಾಮಾನಿನ ಖೋಲಿ ಮುಚ್ಚಿಯೇ ಇತ್ತು, ಅತ್ತೆಯ ಖೋಲಿ ಮುಚ್ಚಿಯೇ ಇತ್ತು. ದುಂಡಪ್ಪಜ್ಜ ಭುಜ ತಿಕ್ಕಿಕೊಳ್ಳುತ್ತ, ‘ಹಿಂಗ ಆಗಬಾರ್ದು. ಹಿಂಗ ಯಾವತ್ತೂ ಆಗಿಲ್ಲ’ ಅಂದರು. ಆ ಮನುಷ್ಯ ತಬ್ಬಿಬ್ಬಾದದ್ದನ್ನು ನಾನು ಮೊದಲ ಸಲ ನೋಡಿದ್ದು. ನೀಲವ್ವ ಅಕ್ಕನ ಎದುರು ಹೋಗಿ ನಿಂತಳು. ‘ನನ್ನ ಖೋಲಿ ಕಳಕೊಂಡು ಬಂದೀನಿ. ಈಗರೆ ಬಿಡು’ ಅಂದಳು. ‘ನಾ ಯಾವಾಗೋ ಬಿಟ್ಟೀನಿ’ ಅಂದಳು ಕಾಶಕ್ಕ. ‘ಮತ್ಯಾರು ಹಿಡಿದಾರ, ದೆವ್ವ ಹಿಡಿದೈತೇನು’ ಅಂದಳು ಇವಳು. ‘ನಿನ್ನ ಹೊಟ್ಟಿಕಿಚ್ಚ ಹಿಡಿದೈತಿ’ ಅಂದಳು ಅವಳು. ಅಷ್ಟು ದಿನ ಒಂದೇ ಬಟ್ಟಲಿನಲ್ಲಿ ರೊಟ್ಟಿ ಕಲಸಿದವರು ಅವರೇ. ಒಬ್ಬಳು ಓಣಿಯ ಮೇಲಕ್ಕೆ, ಒಬ್ಬಳು ಕೆಳಕ್ಕೆ ಹೋದರು, ಜನವೂ ಅವರ ಹಿಂದೆ ಚದುರಿತು.

ಏನು ಮಾಡಬೇಕೋ ತಿಳಿಯದೆ ನಾನು ದಿನದಂತೆ ಚಹಾ ತೆಗೆದುಕೊಂಡು ಸಂದಿಗೆ ಹೋದೆ. ಲೋಟ ತೆಗೆದುಕೊಳ್ಳಲು ಅತ್ತೆ ಸರಳುಗಳ ನಡುವೆ ಕೈ ಚಾಚಿದರು. ಹೆಬ್ಬೆರಳಿಗೆ ಹಸಿ ಮಣ್ಣು ಮೆತ್ತಿತ್ತು. ಕೈ ಅಲ್ಲಿಂದ ಕಿಟಕಿಯ ಕಟ್ಟೆಗೆ ಇಳಿಯಿತು, ನನ್ನ ಕಣ್ಣೂ ಇಳಿಯಿತು. ಎಷ್ಟೋ ಕಾಲದಿಂದ ಒಡೆದಿದ್ದ ಕಟ್ಟೆಯ ಒಳಮೂಲೆಗೆ ಹೊಸ ಮಣ್ಣು ಹಚ್ಚಿ, ಬೆರಳಿನಿಂದ ಸವರಿ ಸವರಿ ನುಣುಪು ಮಾಡಿತ್ತು. ತುದಿಯಲ್ಲಿ ಹೆಬ್ಬೆರಳು ಕೂರುವಷ್ಟು ಜಾಗ ಮಾತ್ರ ಹಾಗೇ ಬಿಟ್ಟಿತ್ತು. ಕಾಶಕ್ಕನ ಕೈಗೆ ಕಚ್ಚದ ಮಣ್ಣು ಇಲ್ಲಿ ಕಲ್ಲಿನಂತೆ ಕಚ್ಚಿಕೊಂಡಿತ್ತು. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ನನಗೆ ಎಲ್ಲಕ್ಕೂ ಹಿಡಿಯುತ್ತದೆ.

‘ಅತ್ತೀ, ನೀವೇನು’ ಅಂದೆ. ಅತ್ತೆ ಚಹಾ ಊದಿ ಒಂದು ಗುಟುಕು ಕುಡಿದರು. ‘ಕಾಶಿ ಮುಂದ ಎಷ್ಟ ಸಲ ಹೇಳಿದೆ, ಈ ಮೂಲಿ ಮುರದೈತಿ, ಮೊಳಕೈ ಕೆತ್ತತೈತಿ ಅಂತ. ಆಕೀಗೆ ಕೈ ಬಿಡುವಿಲ್ಲ. ನಾನ ಮಾಡೂಣಂತ ಬಾಗಿಲ ಹಾಕ್ಕೊಂಡು ತುಳಸಿ ಕುಂಡದಾಗಿನ ಮಣ್ಣು ತಗೊಂಡೆ. ನೋಡಿದ್ರ ಬೈತಾಳ. ಇಷ್ಟಕ್ಕ ಓಣಿ ತುಂಬ ಏನು ಒದರೂದು ಅಂತ ಮೆಲ್ಲಕ ಹಿಡಿದೆ ಅಂದೆ. ಅಂದೀನಿ, ಹೊರಗ ಆಕಿ ಕೂಗಾಕತ್ಲು.’ ಬಾಗಿಲುಗಳು ನಿಂತದ್ದು ಕಾಶಕ್ಕನ ಕೂಗಿಗಲ್ಲ, ಈ ಮುದುಕಿಯ ಪಿಸುಮಾತಿಗೆ. ಕಾಶಕ್ಕ ಯಾವತ್ತೂ ಏನನ್ನೂ ಹಿಡಿದಿರಲೇ ಇಲ್ಲ. ಸರದಿಯಲ್ಲಿ ನಿಂತಿದ್ದೇನೆ ಅಂತ ತಿಳಿಯದೆ ನಿಂತಿದ್ದಳು. ‘ಅವತ್ತ ಮುಗಸಬೇಕಿತ್ತಲ್ರಿ’ ಅಂದೆ, ಸಿಟ್ಟು ಬಂದಿತ್ತು. ‘ಮುಗಸಬೇಕಿತ್ತು. ಅಷ್ಟರಾಗ ನೀಲಿ ಬಂದ್ಲು. ಇಬ್ರೂ ಕಿಡಕಿ ಬುಡಕ ಕುಂತ್ರು. ಮಾರನೇ ದಿನಾನೂ ಬಂದ್ರು. ನಾಳೆ ಮುಗಸೂಣು, ನಾಳೆ ಮುಗಸೂಣು ಅಂದ್ಕೊಂತ ಕುಂತೆ. ಬಾಗಿಲ ತಗದ್ರ ಒಬ್ರು ಎಳಕೊಂಡು ಹೋಗ್ತಾರ, ಇನ್ನೊಬ್ರ ಮಾರಿ ಕಾಣಂಗಿಲ್ಲ ನನಗ.’

ನಾನು ಹೇಳಬಾರದಿತ್ತೇನೋ, ಆದರೆ ತಡೆಯಲಾಗಲಿಲ್ಲ. ‘ನೀಲವ್ವ ಬ್ಯಾಡ ಅಂದ್ಲು. ನಿಮ್ಮ ಸಲುವಾಗಿ. ಖೋಲಿ ಹೋತು, ಅತ್ತೀ.’ ಅವರು ಲೋಟವನ್ನು ಕೆಳಗಿಟ್ಟರು. ಇಷ್ಟು ಹೊತ್ತು ಹೊರಗೆ ನಡೆದ ಗದ್ದಲದಲ್ಲಿ ಯಾರು ಏನು ಕಳೆದುಕೊಂಡರು ಅನ್ನುವುದು ಒಳಗೆ ಅವರಿಗೆ ಮುಟ್ಟಿರಲಿಲ್ಲ. ‘ಸುಣ್ಣ ಹಚ್ಚಿದ್ಲು ಅಂದ್ರಲ್ಲ ನೀವು’ ಅಂದರು. ‘ಹಚ್ಚಿದ್ಲು. ಗೂಡೂ ಮಾಡಿಸಿದ್ಲು, ನಿಮ್ಮ ಕೈ ಎತ್ತರಕ್ಕ.’ ಅತ್ತೆ ಕುಂಡದಿಂದ ಒಂದು ಚಿಟಿಕೆ ಮಣ್ಣು ತೆಗೆದು, ಚಹಾದಲ್ಲಿ ಅದ್ದಿ, ಉಳಿದ ಜಾಗಕ್ಕೆ ಹೆಬ್ಬೆರಳಿನಿಂದ ಒತ್ತಿದರು. ‘ಆತು’ ಅಂದರು. ಮೇಲಿನ ಓಣಿಯ ಉದ್ದಕ್ಕೂ ಕೀಲುಗಳು ಕಿರಗುಟ್ಟಿದವು. ಎಲ್ಲೋ ದುಂಡಪ್ಪಜ್ಜ ಧೊಪ್ಪನೆ ಬಿದ್ದ ಸದ್ದಾಯಿತು, ಇನ್ನೂ ಬಾಗಿಲಿಗೆ ಭುಜ ಕೊಟ್ಟುಕೊಂಡೇ ಇದ್ದರೋ ಏನೋ.

ಅತ್ತೆ ಹೊರಗೆ ಬಂದು ನನ್ನ ಟವೆಲ್ಲಿಗೆ ಕೈ ಒರೆಸಿ, ಭುಜ ಹಿಡಿದುಕೊಂಡು ಕೆಳಗಿನ ಓಣಿಗೆ ನಡೆದರು. ಡಾಕ್ಟರು ಎದುರು ಸಿಕ್ಕಾಗ ‘ಆಮ್ಯಾಗ ಬರ್ರಿ’ ಅಂದರು. ನಮ್ಮ ಹಿತ್ತಲಿಗೆ ಬಂದು ಇಟ್ಟಿಗೆಗಳ ಮೇಲೆ ಕೂತು, ಇಬ್ಬರು ಹೆಣ್ಣುಮಕ್ಕಳನ್ನೂ ಕರೆಸಿ, ಕಿಟಕಿಯ ಕಟ್ಟೆಯ ಸಂಗತಿಯನ್ನು ಒಂದು ಅಕ್ಷರ ಮುಚ್ಚಿಡದೆ ಹೇಳಿದರು. ಕಾಶಕ್ಕ ತಂಗಿಯ ಕಡೆ ನೋಡಿದಳು. ನೀಲವ್ವ ಖೋಲಿ ಇದ್ದ ಬಯಲಿನ ಕಡೆ ನೋಡಿದಳು. ‘ಇಬ್ರೂ ಬೈರಿ ನನಗ, ಆದ್ರ ಕೆಲಸ ಮಾಡ್ಕೊಂತ ಬೈರಿ’ ಅಂದರು ಅತ್ತೆ. ‘ಮೊದಲ ಆ ಚೌಕಟ್ಟು ತರ್ರಿ, ಈ ಕದಾ ಹೊರಗ ತಗೀರಿ. ಇಲ್ಲೇ ತಂದು ಒರಗಿಸ್ರಿ.’ ತಂದು ಒರಗಿಸಿದ ಮೇಲೆ ಓಣಿಯ ಈ ತುದಿಯಿಂದ ಆ ತುದಿಗೆ, ಕೆಮ್ಮುತ್ತ, ಹಿಡೀತೀನಿ ಹಿಡೀತೀನಿ ಅಂತ ಕೂಗಿ ಬಂದರು. ಆಗ ತಾನೇ ಬಾಗಿಲು ಬಿಟ್ಟು ಖುಷಿಯಾಗಿದ್ದ ನಮ್ಮ ಓಣಿಯವರ ಮುಖ ನೋಡಬೇಕಿತ್ತು.

ಮೂವರೂ ಸೇರಿ ಕಟ್ಟಿದರು. ನಾನು ಮತ್ತೆ ಮಣ್ಣು ತುಳಿದೆ. ಬೈಗುಳವೂ ನಡೆಯಿತು, ಮೊದಮೊದಲು ಅವ್ವನಿಗೆ, ಆಮೇಲೆ ಒಬ್ಬರಿಗೊಬ್ಬರು, ಕೊನೆಗೆ ಇಬ್ಬರೂ ಸೇರಿ ನನಗೆ. ಹಳೆಯ ಚೌಕಟ್ಟಿನಲ್ಲಿ ಹಳೆಯ ಕದಗಳು ನಿಂತವು. ಖೋಲಿ ಮುಗಿಯಿತು ಅಂತ ನಮಗೆಲ್ಲ ಅನ್ನಿಸಿದ ಮೇಲೂ ಅತ್ತೆ ಆ ಮಾತು ಅನ್ನಲಿಲ್ಲ. ‘ಅವಸರೇನೈತಿ’ ಅನ್ನುತ್ತಿದ್ದರು. ದಿನಾ ಗೂಡಿನ ಅಂಚಿಗೆ ಬೆರಳಷ್ಟು ಮಣ್ಣು ಹಚ್ಚುವರು, ಬೆರಳಷ್ಟು ಬಿಡುವರು. ಕಾಶಕ್ಕ ದಿನಾ ಬಂದು ಹತ್ತಿರ ಕೂರುವಳು. ಕೆಮ್ಮು ಕಡಿಮೆಯಾಗಲೇ ಇಲ್ಲ. ಅವರು ಆ ಮಾತು ಅನ್ನದೆ ಹೋಗಿಬಿಟ್ಟರೆ ಈ ಖೋಲಿಯೂ ಅವರ ಜೊತೆಗೆ ಹೋಗುತ್ತದೆ ಅನ್ನುವುದು ನಮ್ಮೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ, ತೆರೆದು ನಿಂತಿದ್ದ ನಮ್ಮ ಬಾಗಿಲು ಗಾಳಿಗೆ ಅಲುಗಿ ಗೋಡೆಗೆ ಬಡಿಯಿತು. ಒಲೆಯ ಮುಂದಿದ್ದ ನೀಲವ್ವ ಸೌಟು ಬಿಸಾಡಿ ಹಿತ್ತಲಿಗೆ ಓಡಿದಳು. ಬಾಗಿಲು ಬಿಟ್ಟಿದೆ ಅಂದರೆ ಎರಡರಲ್ಲಿ ಒಂದು. ನಾನೂ ಹಿಂದೆಯೇ ಹೋಗಿ ನೋಡಿದರೆ ಖೋಲಿ ನಿಂತಿತ್ತು. ನೀಲವ್ವ ಗೋಡೆಗೆ ಎರಡೂ ಕೈ ಊರಿಕೊಂಡು ನಿಂತಿದ್ದಳು. ಅತ್ತೆ ಒಳಗೆ ಮಂಚದ ಮೇಲೆ ಕೂತು ಕೂದಲು ಬಾಚಿಕೊಳ್ಳುತ್ತಿದ್ದರು. ‘ಆತು ಅಂದೆವಾ’ ಅಂದರು. ‘ನನಗ ಹೆದರಿಕಿ ಬಂತು. ನಿನ್ನ ಖೋಲಿ ಇನ್ನೊಮ್ಮೆ ಹೋಗಬಾರ್ದು.’ ಆಮೇಲೆ ನನ್ನ ಕಡೆ ತಿರುಗಿ, ‘ಅಳಿಯಾರ, ಈ ಬಾಗಿಲ ಮುಂದ ಮಾಡ್ರಿ’ ಅಂದರು. ಮುಚ್ಚಿದೆ. ‘ಯಾರೂ ತಗೀಬ್ಯಾಡ್ರಿ, ಕಾಶೀಗೆ ಹೇಳಿ ಕಳಸಬ್ಯಾಡ್ರಿ’ ಅಂತ ಒಳಗಿನಿಂದ ಹೇಳಿದರು.

ಅವತ್ತು ಕಾಶಕ್ಕ ಎಂದಿನ ಹೊತ್ತಿಗೆ ಬರಲಿಲ್ಲ. ನಮ್ಮ ಓಣಿಯ ಬಾಗಿಲುಗಳು ಬಿಟ್ಟ ಸುದ್ದಿ ಮೇಲಿನ ಓಣಿಗೆ ಆಗಲೇ ಮುಟ್ಟಿತ್ತು. ಕೆಲಸ ಮುಗಿದಿದೆ, ಬಾಗಿಲು ನಮ್ಮ ಮನೆಯಲ್ಲಿ ನಿಂತಿದೆ, ಅವ್ವ ನಮ್ಮ ಮನೆಯಲ್ಲಿ ಉಳಿದಿದ್ದಾರೆ. ಅವಳು ಯಾಕೆ ಬರಬೇಕು ಅಂತ ನನಗೂ ಅನ್ನಿಸಿತು. ನೀಲವ್ವ ಗೆದ್ದಿದ್ದಳು, ಆದರೆ ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ, ಸಂದಿಯ ಕಡೆ ನೋಡುತ್ತ ಕೂತಳು. ಒಳಗೆ ಅತ್ತೆಯದೂ ಸದ್ದಿಲ್ಲ. ನಾನು ಗಿರಣಿಗೆ ಹೋದೆ, ಮನಸ್ಸು ನಿಲ್ಲದೆ ವಾಪಸು ಬಂದೆ. ಹೊತ್ತು ಇಳಿಯುವಾಗ ಕಾಶಕ್ಕ ಸೆರಗಿನಡಿ ಒಂದು ಬಟ್ಟಲು ಹಿಡಿದುಕೊಂಡು ಬಂದಳು. ನಮ್ಮಿಬ್ಬರನ್ನೂ ಮಾತಾಡಿಸದೆ ನೇರವಾಗಿ ಖೋಲಿಗೆ ಹೋದಳು. ಬಾಗಿಲು ಮುಚ್ಚಿದ್ದನ್ನು ನೋಡಿ ನಿಂತಳು. ಈ ಊರಿನವರು ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ರೀತಿ ನನಗೆ ಗೊತ್ತು; ಯಾರು ಹಿಡಿದಿದ್ದಾರೋ, ಯಾವಾಗ ಬಿಡುತ್ತಾರೋ ಅಂತ ಸುಮ್ಮನೆ ಕಾಯುತ್ತಾರೆ. ನೀಲವ್ವ ನನ್ನ ತೋಳು ಹಿಡಿದುಕೊಂಡಳು. ಕಾಶಕ್ಕ ಬಟ್ಟಲನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ದೂಡಿದಳು.

ತೆರೆಯಿತು. ‘ಯಾರವಾ’ ಅಂದರು ಒಳಗಿನಿಂದ ಅತ್ತೆ. ‘ನಾನವ್ವಾ’ ಅಂದಳು ಕಾಶಕ್ಕ. ಆಮೇಲೆ ತಿರುಗಿ ನಮ್ಮ ಕಡೆ ನೋಡಿ, ‘ನೀಲಾ, ಹಾಲು ತಾರ, ರೊಟ್ಟಿ ಒಣಗ್ಯಾವ’ ಅಂದಳು.